ಗುಂಡಿ

ಹೆಸರಿಟ್ಟವರು ಅತ್ತೆ, ಹೊನ್ನೂರಬೀ.
ಚಾಪೆಯ ಮೇಲೆ ಹಿತ್ತಾಳೆ ಗುಂಡಿ ಸುರುವಿಕೊಂಡು
ಎಣಿಸುತ್ತಾ ಕೂತಿದ್ದಾಗ
ಅಂಗೈಯಷ್ಟು ಮರಿಯೊಂದು ರಾಶಿಯ ನಡುವೆ ಬಂದು ಕೂತು
ಲೆಕ್ಕದಲ್ಲಿ ತಾನೂ ಒಂದಾಯಿತಂತೆ.
ಅಂಗಿಗೆ ಹಾಕುವುದೂ ಗುಂಡಿ,
ಕಾಲು ಜಾರಿ ಬೀಳುವುದೂ ಗುಂಡಿ.
ಎರಡೂ ನಿಜವಾಗಲು ಒಂದು ವಾರ ಹಿಡಿಯಿತು.

ಹನ್ನೊಂದು ಮನೆಯ ಮಿಷಿನ್ನು ಒಟ್ಟಿಗೆ ಗುರ್ರೆಂದರೆ
ಕೌಲ್ ಬಜಾರಿನ ನಮ್ಮ ಓಣಿಗೆ ಬೆಳಗಾಯಿತು ಅಂತ.
ಹನ್ನೆರಡನೆಯ ಗುರ್ರು ಇದರದು.
ಅವಕ್ಕೆ ಕರೆಂಟು ಬೇಕು,
ಇದಕ್ಕೆ ಗದ್ದದ ಕೆಳಗೆ ಒಂದು ಬೆರಳು.

ಹುಟ್ಟಾ ಬಿಳಿ. ಈಗ ಹೇಳಿದರೆ ಯಾರೂ ನಂಬುವುದಿಲ್ಲ.
ಹಸಿ ಜೀನ್ಸ್ ಬಟ್ಟೆಯ ಮೇಲೆ ಹೊರಳಿ ಹೊರಳಿ
ಹೊಟ್ಟೆ, ಗದ್ದ, ಬಲಗಿವಿಯ ತುದಿ
ಎಲ್ಲ ನೀಲಿ.
ನನ್ನ ಹೆಬ್ಬೆರಳು, ತೋರುಬೆರಳೂ ಹಾಗೇ,
ಯಾವ ಸೋಪಿಗೂ ಬಗ್ಗಿಲ್ಲ.
ನಾದಿನಿಯ ಮದುವೆಯಲ್ಲಿ ಮೆಹಂದಿ ಹಾಕುವ ಹುಡುಗಿ
ಕೈ ಹಿಡಿದು ತಿರುಗಿಸಿ ನೋಡಿ
"ಎಲ್ಲಿಂದ ಶುರು ಮಾಡಲಿ ಆಂಟಿ" ಅಂದಳು.

ದಾರದ ಉಂಡೆ ಇದಕ್ಕೆ ಬೇಡ.
ಉಂಡೆಯೇನಿದ್ದರೂ ಚಿತ್ರದ ಪುಸ್ತಕದ ಬೆಕ್ಕುಗಳಿಗೆ.
ಸೂಜಿಗೆ ಇಳಿಯುತ್ತಿರುವ ಕಿತ್ತಳೆ ಎಳೆ,
ಅದೂ ನಾನು ಅವಸರದಲ್ಲಿರುವಾಗ.
ಪಂಜದಿಂದ ಒಂದೇ ತಟ್ಟು:
ಸೊಂಟಪಟ್ಟಿಯ ನೆಟ್ಟಗಿನ ಹೊಲಿಗೆ
ಹಾವಾಗಿ ಹರಿದು ಜೇಬಿನವರೆಗೆ.
ಬಿಚ್ಚು. ಮತ್ತೆ ಹೊಲಿ.
ಹೊಲಿದರೆ ಪ್ಯಾಂಟಿಗೆ ಹದಿನಾಲ್ಕು ರೂಪಾಯಿ,
ಬಿಚ್ಚಿದ್ದಕ್ಕೆ ಮಾರೆಣ್ಣನ ವಹಿಯಲ್ಲಿ ಕಾಲಮ್ಮೇ ಇಲ್ಲ.
ಬೈದರೆ ಬಾಬಿನ್ ಡಬ್ಬಿಯ ಮೇಲೆ ಬಾಲ ಸುತ್ತಿ ಕೂತು
ಕಣ್ಣು ಅರ್ಧ ಮುಚ್ಚುತ್ತದೆ,
ಊಟ ತಡವಾದ ಬೀಗರ ಹಾಗೆ.

ಮೇ ತಿಂಗಳ ಆ ಮಧ್ಯಾಹ್ನ
ಗುಡ್ಡದ ಬಂಡೆ ಕಾದು ಊರಿಗೆಲ್ಲ ಹಬೆ ಬಡಿಯುತ್ತಿತ್ತು.
ಕರೆಂಟು ಹೋಗಿತ್ತು. ಹನ್ನೊಂದೂ ಸುಮ್ಮನೆ.
ಮಾರೆಣ್ಣ ಮಾಲು ಎಣಿಸಲು ಬಂದ.
ನಲವತ್ತೊಂಬತ್ತು.
ಬೆರಳಿಗೆ ಎಂಜಲು ಹಚ್ಚಿ ಮತ್ತೆ ಎಣಿಸಿದ.
ನಲವತ್ತೊಂಬತ್ತೇ.
ಐವತ್ತನೆಯದು, ಮೂವತ್ನಾಲ್ಕರ ಸೈಜು,
ಗೋಡೆಯ ಬದಿಯಿಂದ ಹೊಸ್ತಿಲ ಕಡೆಗೆ
ತಾನಾಗಿಯೇ ತೆವಳುತ್ತಾ ಬಂತು.
ಒಂದು ಕಾಲು ಖಾಲಿ,
ಇನ್ನೊಂದರಲ್ಲಿ ಏನೋ ಉಬ್ಬಿ ಉಬ್ಬಿ ಇಳಿಯುತ್ತಿದೆ.
ಆರಡಿ ಆಳು ಮಾರೆಣ್ಣ
"ಯಮ್ಮೋ" ಅಂತ ಸ್ಟೂಲಿನ ಮೇಲೆ.
ಅತ್ತೆ ನಕ್ಕು ನಕ್ಕು
ಬಾಯಲ್ಲಿದ್ದ ಎಲೆ ಅಡಿಕೆ ನುಂಗಿಬಿಟ್ಟರು.
ಆ ಶನಿವಾರ ಎರಡು ಪ್ಯಾಂಟಿನ ದುಡ್ಡು ಮುರಿದುಕೊಂಡ,
ಬಟ್ಟೆಗೆ ಕೂದಲು ಹತ್ತಿದೆ ಅಂತ.
ನಾನೂ ವಾದ ಮಾಡಲಿಲ್ಲ.
ಆ ನಗುವಿಗೆ ಇಪ್ಪತ್ತೆಂಟು ರೂಪಾಯಿ ಹೆಚ್ಚಲ್ಲ.

ಜೇಬುಗಳ ವಿಷಯ ಅವನಿಗೆ ಇನ್ನೂ ಗೊತ್ತಿಲ್ಲ.
ರಾತ್ರಿ ಎಲ್ಲರೂ ಮಲಗಿದ ಮೇಲೆ
ಗುಂಡಿ ತನ್ನ ಆಸ್ತಿ ಬಚ್ಚಿಡುತ್ತದೆ:
ಹಲ್ಲಿಯ ಬಾಲ, ಶೇಂಗಾ ಸಿಪ್ಪೆ,
ನಗ್ಮಾಳ ಕ್ಲಿಪ್ಪು,
ಒಮ್ಮೆ ಅವಳ ಬಿದ್ದ ಹಾಲುಹಲ್ಲು ಕೂಡ
(ಮನೆಯೆಲ್ಲ ಹುಡುಕಿ ಅತ್ತಿದ್ದಳು).
ಬೆಳಿಗ್ಗೆ ಒಂದೊಂದೇ ಜೇಬು ತಡವಿ ತೆಗೆಯುತ್ತೇನೆ.
ಎಲ್ಲವನ್ನೂ ಅಲ್ಲ.

ಸೊಲ್ಲಾಪುರದಲ್ಲೋ ನಾಸಿಕದಲ್ಲೋ
ಯಾವನೋ ಹುಡುಗ ಹೊಸ ಪ್ಯಾಂಟು ಏರಿಸಿ
ಕನ್ನಡಿಯ ಮುಂದೆ ಅಡ್ಡಡ್ಡ ನಿಂತು
ಜೇಬಿಗೆ ಕೈ ಇಳಿಬಿಡುತ್ತಾನೆ.
ಆ ಹೊತ್ತಿಗೆ ಇಲ್ಲಿ, ನನ್ನ ಮಡಿಲಲ್ಲಿ,
ನಿದ್ದೆಯಲ್ಲಿದ್ದಂತೆ ಇದ್ದ ಇದು
ಒಂದು ಕಣ್ಣು ತೆರೆಯುತ್ತದೆ ಅಂತ
ನನಗೆ ಗುಮಾನಿ.