ಮೂರನೆಯ ಸುತ್ತು

ಡಿಪ್ಲೊಮಾ ಚೀಲದಲ್ಲೇ ಇತ್ತು, ಯಾರೂ ಕೇಳಲಿಲ್ಲ.
ಡಕಾರಿನ ಹಡಗುಕಟ್ಟೆಯ ಗೇಟಿನಲ್ಲಿ
ಹನ್ನೊಂದು ದಿನ ನಿಂತೆ.
ಹನ್ನೆರಡನೆಯ ದಿನ ಬಿರಾಮ್, ಗ್ರೀಸು ಮೆತ್ತಿದ ಮುದುಕ,
"ಚಹಾ ಕಾಯಿಸೋಕೆ ಬರುತ್ತಾ?" ಅಂದ.

ಸಿಟ್ಟು ಬಂತು. ಕಾಯಿಸಿದೆ.

ಮೊದಲ ಸುತ್ತು ಕಡುಕಹಿ.
ಕ್ರೇನಿನ ಲಾತಿರ್ ಮುಖ ಕಿವುಚಿದ.
ಎರಡನೆಯದಕ್ಕೆ ವೆಲ್ಡರುಗಳು ಬಂದರು,
ಸ್ಟೋರಿನ ಗುಮಾಸ್ತೆ ಬಂದಳು, ಚಪ್ಪಲಿ ಕಳಚಿ ಕೂತಳು.
ಪ್ರತಿ ಲೋಟದ ಜೊತೆ ಬಿರಾಮ್
ನನ್ನ ಹೆಸರನ್ನೂ ದಾಟಿಸಿದ:
ಇವಳು ತೆನಿಂಗ್,
ಸದ್ದು ಕೇಳಿಯೇ ಪಂಪಿನ ಕಾಯಿಲೆ ಹೇಳುವವಳು.

ಸುಳ್ಳು. ಆಗಿನ್ನೂ ಸುಳ್ಳು.
ಮಾತು ಅವನದು, ಉಳಿಸುವ ಪಾಡು ನನ್ನದು;
ಆಮೇಲೆ ತಿಂಗಳುಗಟ್ಟಲೆ
ಬಿಸಿ ಕಬ್ಬಿಣಕ್ಕೆ ಕಿವಿಯೊತ್ತಿ ಕೂತೆ.

ಅವತ್ತು ಮೂರನೆಯ ಸುತ್ತು ಪೂರಾ ಸಿಹಿ.
ಸಕ್ಕರೆ ಕಾಯಿಲೆಯ ಬಿರಾಮ್
ತನ್ನ ಲೋಟ ಮೂಸಿ
ನನ್ನ ಕಡೆ ಸರಿಸಿದ.