ಹಾವಲ್ಲ, ಹಗ್ಗ

ಮೊದಲ ವಾರ ಬುಡೇನ್ ಸಾಬರು
ಕಡ್ಲೆಯ ಬೆನ್ನು ಮುಟ್ಟಲೇ ಇಲ್ಲ.
ಹುರುಳಿಗುಡ್ಡದ ಕಾವಲಿನ ಬೇಲಿಗೆ ಒರಗಿ
ಬೀಡಿ ಸೇದಿದರು, ಕೆಮ್ಮಿದರು,
ಶಿವಮೊಗ್ಗದಲ್ಲಿ ಜಟಕಾ ಹೊಡೆದ ಕಾಲದ
ಸವಾರಿಗಳು, ಸೆಕೆಂಡ್ ಶೋ ಬಿಟ್ಟ ಮೇಲಿನ ಜಗಳಗಳು,
ಬಾಡಿಗೆ ಬಾಕಿ ಇಟ್ಟು ಸತ್ತವರ ಹೆಸರು
ಒಂದೊಂದಾಗಿ ಹೇಳಿದರು. ನನಗಲ್ಲ, ಅದಕ್ಕೆ.

ಹತ್ತೋದು ಯಾವಾಗ ಸಾಬರೇ, ಅಂದೆ.
"ಹೆಣ್ಣು ನೋಡೋಕೆ ಹೋದೋನು
ಕೈ ಹಿಡಿಯೋ ಮುಂಚೆ ಹೆಸರಾದ್ರೂ ಕೇಳ್ತಾನೆ ಕಣೋ."

ಎರಡೂವರೆ ವರ್ಷದ ಹೆಣ್ಣುಮರಿ.
ಹುರಿಗಡಲೆ ಬಣ್ಣ, ಹಣೆಗೆ ಸುಣ್ಣದ ಬೊಟ್ಟು,
ಎಡಗಣ್ಣಿನ ಅಂಚಲ್ಲಿ ಸದಾ ಒಂದು ಅನುಮಾನ.

ಎರಡನೇ ವಾರ ಹಗ್ಗ ಬಂತು.
ಕತ್ತಾಳೆ ನಾರಿನದು, ಸಾಬರೇ ಹೊಸೆದದ್ದು,
ಹರಳೆಣ್ಣೆ ಕುಡಿದು ಕಪ್ಪಾದದ್ದು.
ನೆಲಕ್ಕೆ ಎಸೆದರು.
ಕಡ್ಲೆಯ ನಾಲ್ಕು ಕಾಲೂ ನೆಲ ಬಿಟ್ಟವು.

ಹಗ್ಗವೋ ಹಾವೋ ಎಂದು
ಮಠದ ಜಗಲಿಯಲ್ಲಿ ಕೂತು ಕೇಳುವವರಿಗೆ
ದೀಪ ತಂದರೆ ಸಾಕು, ಭ್ರಮೆ ಹರಿಯುತ್ತದಂತೆ.
ಇಲ್ಲಿ ಮಟಮಟ ಮಧ್ಯಾಹ್ನ,
ನೆರಳಿಗೂ ನೆರಳಿಲ್ಲದ ಬಯಲು,
ಆದರೂ ಅದಕ್ಕೆ ಅದು ಹಾವೇ.
ಯಾಕಾಗಬಾರದು?
ಅದರ ಕುಲದಲ್ಲಿ
ನಿಂತು ನೋಡಿದವು ಸತ್ತವು,
ಹಾರಿದವು ಹೆತ್ತವು.

ಸಾಬರು ವಾದ ಮಾಡಲಿಲ್ಲ.
ಹುರುಳಿಯ ಬುಟ್ಟಿಗೆ ಹಗ್ಗ ಸುತ್ತಿದರು,
ನೀರಿನ ತೊಟ್ಟಿಯ ಅಂಚಿಗೆ ಇಳಿಬಿಟ್ಟರು,
ರಾತ್ರಿ ಅದರ ಮಗ್ಗುಲಲ್ಲೇ ಮಲಗಿಸಿದರು.
ಹದಿಮೂರನೇ ಬೆಳಗ್ಗೆ ಎದ್ದು ನೋಡಿದರೆ
ಕಡ್ಲೆ ಹಾವಿನ ಬಾಲ ಜಗಿಯುತ್ತಿತ್ತು.
"ಈಗ ಜೀನು ತಾ" ಅಂದರು.

ಬಿದ್ದದ್ದು ಬರೆಯುವುದಿಲ್ಲ. ಮೂರು ಸಲ.
ನಾಲ್ಕನೆಯದು ಕಾರೆ ಮುಳ್ಳಿನ ಮೇಲೆ,
ಅದು ಲೆಕ್ಕಕ್ಕಿಲ್ಲ ಎಂದು ಸಾಬರ ತೀರ್ಪು.

ಆಮೇಲೆ ಹುಣಸೆ ಕೊರಡು ಎಳೆಯುವುದು.
ಆಮೇಲೆ ಈರನಾಯ್ಕನ ಮಗ ಚಂದ್ರ್ಯಾ
ತಲೆಗೆ ಗೋಣಿಚೀಲ ಕಟ್ಟಿಕೊಂಡು ಹೋರಿಯಾದ,
ಓಟಕ್ಕೊಂದು ಪೆಪ್ಪರ್‌ಮಿಂಟು ಕೂಲಿ.
ಕುಣಿಕೆ ಬಿದ್ದಾಗ ಅಂಬಾ ಎನ್ನುತ್ತಿದ್ದ,
ಬೀಳದಾಗ ನನ್ನ ಕಡೆ ತಿರುಗಿ ನಗುತ್ತಿದ್ದ.
ನಗು ಕೇಳಿಯೇ ನನ್ನ ಕೈ ಪಳಗಿತು.

ಆಶ್ವೀಜದ ಕೊನೆಗೆ ಕೆಲಸ ಬಂತು.
ಕಾವಲಿನ ದನ ಹಟ್ಟಿಯ ದನವಲ್ಲ,
ಮನುಷ್ಯನ ಗಾಳಿ ಸೋಕಿದರೆ ಮುಗಿಲಿಗೆ ಮೂತಿ ಎತ್ತುತ್ತದೆ.
ಅದರಲ್ಲೊಂದು ಬೂದು ಹೋರಿಗರು,
ತೊಡೆಯ ಗಾಯದಲ್ಲಿ ಹುಳ ಬಿದ್ದು
ಹಿಂಡಿನ ಹಿಂದೆ ಕುಂಟುತ್ತಿತ್ತು.
ಕುಂಟುತ್ತಲೇ ನಮ್ಮನ್ನು
ಮೂರು ಹಳ್ಳ ದಾಟಿಸಿತು.

ಒಂದು ಎಸೆತ ಕರಡದ ಹುಲ್ಲಿಗೆ.
ಇನ್ನೊಂದು ನನ್ನದೇ ಟೋಪಿಗೆ.
ಮೂರನೆಯದು ಕೊರಳಿಗೆ.

ಹಗ್ಗದ ಈ ತುದಿ ಜೀನಿನ ಕೊಕ್ಕೆಗೆ,
ಹಳೇ ಜಟಕಾದ ಅಚ್ಚಿನಿಂದ ಸಾಬರು ಬಡಿಸಿದ್ದು.
ನಾನು ಇಳಿಯಬೇಕು.
ಇಳಿದರೆ ಕುದುರೆ ಒಂಟಿ.
ಲಗಾಮಿಲ್ಲ, ಹಿಮ್ಮಡಿಯಿಲ್ಲ, ಬಾಯಿ ಮಾತಿಲ್ಲ,
ಆ ಕಡೆ ಒದ್ದಾಡುವ ಒಂದು ಜೀವ.

ಕಡ್ಲೆ ಒಂದು ಹೆಜ್ಜೆ ಹಿಂದಿಟ್ಟಿತು.
ಹಗ್ಗ ಬಿಗಿಯಿತು, ಉಸಿರು ಬಿಗಿಯಲಿಲ್ಲ.
ಕರು ಎಡಕ್ಕೆ ಹಾರಿದರೆ ಎಡಕ್ಕೆ ತಿರುಗಿತು,
ಬಲಕ್ಕೆ ಹಾರಿದರೆ ಬಲಕ್ಕೆ.
ನಾನು ಬೇವಿನೆಣ್ಣೆ ಹಚ್ಚಿ, ಕಡ್ಡಿಯಿಂದ
ಹುಳ ಒಂದೊಂದೇ ತೆಗೆದೆ. ನಲವತ್ತರ ಮೇಲೆ ಎಣಿಸಲಿಲ್ಲ.
ಕರುವಿನ ಕಣ್ಣು ನನ್ನ ಮೇಲಿರಲಿಲ್ಲ,
ಗಾಯದ ಮೇಲೂ ಇರಲಿಲ್ಲ.
ಹಗ್ಗವನ್ನೇ ನೋಡುತ್ತಿತ್ತು,
ಕಡ್ಲೆ ಮೊದಲ ದಿನ ನೋಡಿದ ಹಾಗೆ.

ಕುಣಿಕೆ ಬಿಚ್ಚಿದೆ. ಓಡಿತು.
ಕೃತಜ್ಞತೆ ಇತ್ಯಾದಿ ಏನೂ ಇಲ್ಲ.

ಬರುವಾಗ ಅರಸನಂತೆ ಕೂತಿದ್ದೆ.
ಬೇಲಿಯ ಹತ್ತಿರ, ಜಾಲಿಯ ಮುಳ್ಳಿಗೆ ಸಿಕ್ಕಿದ
ನೀಲಿ ಪ್ಲಾಸ್ಟಿಕ್ ಚೀಲವೊಂದು
ಗಾಳಿಗೆ ಪಟಪಟ ಅಂದಿತು.
ಕಡ್ಲೆ ಆ ಕಡೆ, ನಾನು ಈ ಕಡೆ.

ಸಾಬರು ಬಂದರು. ನನ್ನನ್ನು ಎತ್ತಲಿಲ್ಲ.
ಮುಳ್ಳಿನಿಂದ ಚೀಲ ಬಿಡಿಸಿ,
ಧೂಳು ಕೊಡವಿ, ನಿಧಾನಕ್ಕೆ ಮಡಿಸಿ,
ಒಯ್ದು ಹುರುಳಿಯ ಬುಟ್ಟಿಗೆ ಕಟ್ಟಿದರು.