ಉಳಿದ ಒಂದು ಅಟ್ಟೆ

ಎರಡು ಎಂಬತ್ತೈದು ಅಂದ ಸುಕೇಶ್ ಕುಂದರ್,
ಮಲ್ಪೆಯ ಐಸ್ ಪ್ಲಾಂಟಿನ ಹಿಂದೆ, ಬಾನೆಟ್ಟಿಗೆ ಬೆನ್ನು ಕೊಟ್ಟು.
ನನ್ನಲ್ಲಿ ಎರಡು ಇಪ್ಪತ್ತು ಉಂಟು, ಅದರಲ್ಲಿ ಎಂಬತ್ತು ಸೊಸೈಟಿಯದ್ದು.
ಅದನ್ನು ಹೇಳಲಿಲ್ಲ. ಟೈರಿಗೆ ಒಂದು ಒದ್ದೆ.
ಯಾಕೆ ಒದೆಯುವುದೋ ಗೊತ್ತಿಲ್ಲ,
ಕಾರು ನೋಡಲು ಬಂದವರೆಲ್ಲ ಒದೆಯುತ್ತಾರೆ.

ಹದಿಮೂರನೇ ಇಸವಿಯ ಗಾಡಿ. ಡೀಸೆಲ್.
ಮೀಟರಿನಲ್ಲಿ ಎಂಬತ್ತೊಂದು ಸಾವಿರ;
ಕ್ಲಚ್ ಪೆಡಲಿನ ರಬ್ಬರು ಮಾತ್ರ
ಘಟ್ಟ ಹತ್ತಿಳಿದ ಹಿಮ್ಮಡಿಯ ಹಾಗೆ ಸವೆದಿತ್ತು.
"ಬರೀ ಹೈವೇಯಲ್ಲಿ ಓಡಿದ್ದು ಅಕ್ಕಾ."
ಹೈವೇಯಲ್ಲಿ ಅಷ್ಟು ಕ್ಲಚ್ ಯಾರು ತುಳಿದದ್ದು ಮಾರಾಯಾ?

ನನ್ನ ಹೆಸರು ಗುಲಾಬಿ, ಮಾರುವುದು ಮಲ್ಲಿಗೆ.
ಈ ತಮಾಷೆಯನ್ನು ಹಂಪನಕಟ್ಟೆಯ ಅಂಗಡಿಯವರು
ಹನ್ನೊಂದು ವರ್ಷದಿಂದ ಮಾಡುತ್ತಿದ್ದಾರೆ,
ಹನ್ನೊಂದು ವರ್ಷದಿಂದ ನಾನು ನಗುತ್ತಿದ್ದೇನೆ.
ಶಂಕರಪುರದಲ್ಲಿ ಅಟ್ಟೆ ಎಣಿಸಿ, ಬಾಳೆಲೆಯಲ್ಲಿ ಸುತ್ತಿ,
ಎಕ್ಸ್‌ಪ್ರೆಸ್ ಬಸ್ಸಿನ ಗೇರಿನ ಪಕ್ಕ ಇಟ್ಟು ಕಳಿಸುವುದು.
ಬಸ್ಸು ತಡವಾದರೆ ಇಂಜಿನ್ ಕಾವಿಗೆ
ಮೊಗ್ಗು ಅಲ್ಲಿಯೇ ಕಣ್ಣು ಬಿಡುತ್ತದೆ.
ಅರಳಿದ ಹೂವಿಗೆ ರೇಟಿಲ್ಲ.

ಹೂವಿನ ಚೀಟಿಯ ಹಿಂಬದಿಯಲ್ಲಿ ಲೆಕ್ಕ:
ಹೋಗಿ ಬರಲು ನೂರು ಕಿಲೋಮೀಟರು.
ಪೆಟ್ರೋಲಿಗೆ ಏಳುನೂರು, ಡೀಸೆಲಿಗೆ ನಾನೂರೈವತ್ತು.
ಹೆಜಮಾಡಿಯ ಟೋಲು ಎರಡಕ್ಕೂ ಒಂದೇ, ಅದು ಭೇದ ಮಾಡುವುದಿಲ್ಲ.
ದಿನಕ್ಕೆ ಇನ್ನೂರೈವತ್ತು ಉಳಿಯಿತು ಅಂತ ಬರೆದೆ,
ಕೆಳಗೆ ಗೆರೆ ಎಳೆದೆ.
ಆಮೇಲೆ ಆಟಿ ತಿಂಗಳು ನೆನಪಾಯಿತು. ಮದುವೆಯಿಲ್ಲ, ಮುಡಿಯುವವರಿಲ್ಲ,
ಗಾಡಿ ಸುಮ್ಮನೆ ನಿಂತು ಕಂತು ತಿನ್ನುತ್ತದೆ.
ಟರ್ಬೋ ಹೋದರೆ ನಲವತ್ತು ಸಾವಿರ,
ಅಂದರೆ ನೂರ ಅರವತ್ತು ದಿನದ ಉಳಿತಾಯ
ಒಂದು ಸೀಟಿ ಹೊಡೆದು ಹೊಗೆಯಾಗುವುದು.
ಇಂಜೆಕ್ಟರು ನಾಲ್ಕಂತೆ. ರೇಟು ಕೇಳಲಿಲ್ಲ.

ಪಡುಬಿದ್ರಿಯ ಇದಿನಬ್ಬ ಚಾಪೆ ಹಾಸಿ ಅಡಿಗೆ ನುಸುಳಿದ,
ಮಗಳ ಫ್ರಿಜ್ಜಿನಿಂದ ಕಿತ್ತು ತಂದ
ಅನಾನಸು ಆಕಾರದ ಆಯಸ್ಕಾಂತ ಹಿಡಿದು.
ಬಾಗಿಲಿಗೆ ಅಂಟಿತು. ಡಿಕ್ಕಿಗೆ ಅಂಟಿತು.
ಡ್ರೈವರ್ ಸೀಟಿನ ಕೆಳಗೆ ಜಾರಿ ಅವನ ಎದೆಯ ಮೇಲೆ ಬಿತ್ತು.
"ಇಲ್ಲಿ ಪುಟ್ಟಿ ಮೆತ್ತಿದ್ದು. ಕಡಲು ತಿಂದಿದೆ.
ಇಂಜಿನ್ ಚಂದ ಉಂಟಕ್ಕಾ, ಸುಳ್ಳು ಹೇಳಬಾರದು.
ಉಪ್ಪು ಇಂಜಿನಿಗೆ ಗೊತ್ತಾಗುದಿಲ್ಲ, ತಗಡಿಗೆ ಗೊತ್ತಾಗ್ತದೆ."

ಇಷ್ಟೆಲ್ಲ ಆದ ಮೇಲೆ ನಾನು ಒಳಗೆ ಕೂತು ಗ್ಲಾಸು ಏರಿಸಿದೆ.
ಬಂಗುಡೆ.
ಹಿಂದಿನ ಸೀಟು ಮಡಚಿ ಎಷ್ಟು ಬಾಕ್ಸು ಸಾಗಿಸಿದನೋ.
ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತದೆಂದು
ಐದನೇ ಕ್ಲಾಸಿನಲ್ಲಿ ಕಾಪಿ ಬರೆದಿದ್ದೆ, ಹತ್ತು ಸಲ.
ಬಂಗುಡೆಯ ಜೊತೆ ಹೂವು ಎಲ್ಲಿಗೆ ಹೋಗುತ್ತದೆಂದು
ಟೀಚರು ಹೇಳಿರಲಿಲ್ಲ.

ನನ್ನ ಸ್ಕೂಟರು ಅವನಲ್ಲಿ ಬಿಟ್ಟು
ಒಂದು ರಾತ್ರಿಗೆ ಕಾರು ತಂದೆ.
ಅವತ್ತು ಉಳಿದ ಒಂದು ಅಟ್ಟೆಯನ್ನು ಹಿಂದಿನ ಸೀಟಿನಲ್ಲಿಟ್ಟು
ಗ್ಲಾಸು ಮುಚ್ಚಿ, ಲಾಕು ಹಾಕಿ, ಮಲಗಿದೆ.
ಮಲಗಿದೆ ಅಂದರೆ, ಎರಡು ಸಲ ಎದ್ದು ಟಾರ್ಚು ಬಿಟ್ಟು ನೋಡಿದೆ.
ಹೂವು ಕತ್ತಲಲ್ಲಿ ಅರಳಿಕೊಂಡಿತ್ತು,
ಯಾರ ಕಾರು ಅಂತ ವಿಚಾರಿಸದೆ.

ಬೆಳಿಗ್ಗೆ ಬಾಗಿಲು ತೆಗೆದರೆ ಬರೀ ಮಲ್ಲಿಗೆ.
ಖುಷಿಯಾಯಿತು. ಮತ್ತೆ ಸಂಶಯ:
ದಿನವಿಡೀ ಇದರಲ್ಲೇ ಇರುವ ನನ್ನ ಮೂಗು
ಆ ಕ್ಲಚ್ಚಿನ ರಬ್ಬರಿಗಿಂತ ಹೆಚ್ಚೇನು ಉಳಿದಿದೆ?
ಪಕ್ಕದ ಐರಿನ್ ಬಾಯಿಯನ್ನು ಕರೆದೆ.
ಅವಳು ತಲೆ ಒಳಗೆ ಹಾಕಿ, ಕಣ್ಣು ಮುಚ್ಚಿ, "ಮಲ್ಲಿಗೆ" ಅಂದಳು.
ತಲೆ ಹೊರಗೆ ತೆಗೆದು, ಸೆರಗಿಗೆ ಕೈ ಒರೆಸಿಕೊಂಡು,
"ಮೀನು ಎಷ್ಟಕ್ಕೆ ಸಿಕ್ಕಿತು?" ಅಂದಳು.

ಸುಕೇಶನಿಗೆ ಫೋನು ಮಾಡಿ ಒಂದು ತೊಂಬತ್ತು ಅಂದೆ.
ಆ ಕಡೆ ಐಸು ಪುಡಿಯಾಗುವ ಸದ್ದು, ತುಂಬ ಹೊತ್ತು.
"ಎರಡು ಮೂವತ್ತು. ಮತ್ತೆ ಮಾತಿಲ್ಲ ಅಕ್ಕಾ."
ನನಗೂ ಮಾತಿರಲಿಲ್ಲ. ಸಂಜೆ ಹೇಳ್ತೇನೆ ಅಂದೆ.

ನಾಲ್ಕೂ ಬಾಗಿಲು ಬಿಸಿಲಿಗೆ ತೆರೆದಿಟ್ಟು
ಹನ್ನೊಂದರ ಬಸ್ಸಿಗೆ ಕಟ್ಟು ಹೊತ್ತು ನಡೆದೆ.
ವರ್ಷಕ್ಕೊಮ್ಮೆಯೂ ಹೊತ್ತಿಗೆ ಬಾರದ ಬಸ್ಸು
ಇವತ್ತೇ, ಹಾಳಾದ್ದು,
ಹನ್ನೊಂದಕ್ಕೆ ಸರಿಯಾಗಿ ಬಂದು ನಿಂತಿತ್ತು.